ಕೈಬ್ಲೋವರ್ ಕುಲುಮೆ: ಶಿರಸಿ ಮಳೆಗಾಲಕ್ಕೆ ತಡೆಯುತ್ತದೆಯೇ?

ಹವ್ಯಾಸಕ್ಕೆ ಕಬ್ಬಿಣ ಬಡಿಯುವವರಿಗೆ, ಕೈಯಲ್ಲಿ ಹಿಡಿಕೆ ತಿರುಗಿಸಿ ಗಾಳಿ ಊದುವ ಈ ಪುಟ್ಟ ಕುಲುಮೆ ಸಾಕು. ಆದರೆ ತಂದ ದಿನವೇ ಬೆಂಕಿ ಹಾಕಬೇಡಿ. ಇದ್ದಿಲು ಉರಿಯುವ ತಟ್ಟೆ ಬರೀ 3 ಮಿ.ಮೀ. ತಗಡು, ಹುತ್ತದ ಮಣ್ಣಿಗೆ ಎರಡು ಪಾಲು ಮರಳು ಕಲಸಿ ಒಂದಿಂಚು ದಪ್ಪ ಮೆತ್ತಿ, ನೆರಳಲ್ಲಿ ಒಣಗಿಸಿ. ಆಷಾಢದಲ್ಲಿ ವಾರವೂ ಸಾಲದು, ಬಚ್ಚಲ ಒಲೆಯ ಪಕ್ಕ ಇಡಿ. ಹಸಿ ಉಳಿದರೆ ಮೊದಲ ಕಾವಿಗೇ ಬಿರಿಯುತ್ತದೆ.

ಬ್ಲೋವರ್ ಗಾಳಿ ಜೋರಾಗಿದೆ. ತೆಂಗಿನ ಚಿಪ್ಪಿನ ಇದ್ದಿಲನ್ನು ಅಡಿಕೆ ಗಾತ್ರಕ್ಕೆ ಒಡೆದು ಹಾಕಿದರೆ 8 ಮಿ.ಮೀ. ಸರಳು ಐದಾರು ನಿಮಿಷದಲ್ಲಿ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಗೋಡೆಯ ಕೊಕ್ಕೆಗೆ ಅಷ್ಟು ಧಾರಾಳ. ಕೆಂಪು ಮಾಸಿದ ಮೇಲೂ ಬಡಿದರೆ ತುದಿ ಸೀಳುತ್ತದೆ. ಬೆಳ್ಳಗಾಗಿ ಕಿಡಿ ಹಾರಿತೋ, ಕಬ್ಬಿಣ ಸುಟ್ಟಿದೆ, ಆ ತುಂಡು ಕತ್ತರಿಸಿ ಎಸೆಯಿರಿ.

ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಕತ್ತಿ ಮಾಡುವ ಆಸೆಗೆ ಇದು ಚಿಕ್ಕದು. ನಡುವಿನ ನಾಲ್ಕಿಂಚಿಗಷ್ಟೇ ಕಾವು ಏರುವುದರಿಂದ ಹದ, ಅಂದರೆ ಕಾಯಿಸಿ ಅದ್ದಿದಾಗ ಬರುವ ಗಡಸು, ಒಂದೇ ಸಮ ಕೂರುವುದಿಲ್ಲ. ಚಿಕ್ಕ ಚಾಕುವಾದರೆ ಸರಿ: ಅಯಸ್ಕಾಂತಕ್ಕೆ ಅಂಟದಷ್ಟು ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ. ನೀರಲ್ಲಿ ಅದ್ದಿದರೆ ಬಿರುಕು ಗ್ಯಾರಂಟಿ ಎಂದೇ ತಿಳಿಯಿರಿ.

ಜೊತೆಗೆ ಕೊಡುವ ಇಕ್ಕಳ ಮಾತ್ರ ದಂಡ. ಬಾಯಿ ಚಪ್ಪಟೆ, ದುಂಡು ಸರಳು ಜಾರುತ್ತದೆ. ಬ್ಲೋವರ್ ಹಿಡಿಕೆಯ ಗೇರಿಗೆ ಗ್ರೀಸ್ ಹಚ್ಚದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು.