ನಾಲ್ಕು ವರ್ಷ ಚಂದಾ ಕಟ್ಟಿ ಯುರೋಪಿನ ಹಾಡು ಕೇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹಾಡು ಕೇಳುವ ಮ್ಯೂಸಿಕ್ ಆ್ಯಪ್‌ಗೆ 5ಕ್ಕೆ 4 ಸ್ಟಾರ್. ಆ್ಯಪ್‌ನ ಹೆಸರು ಬರೆಯುತ್ತಿಲ್ಲ. ಇಂಥ ಮ್ಯೂಸಿಕ್ ಆ್ಯಪ್ ನಿಮ್ಮ ಫೋನಿನಲ್ಲೂ ಒಂದು ಇರುತ್ತದೆ, ಈ ವಿಮರ್ಶೆ ಯಾವುದಕ್ಕಾದರೂ ಹೊಂದುತ್ತದೆ.

ಶುರುವಾಗಿದ್ದು 2021ರ ಮೇ ತಿಂಗಳಲ್ಲಿ. ಲಾಕ್‌ಡೌನ್ ಸಮಯ, ಎಲ್ಲರೂ ಮನೆಯಲ್ಲೇ. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆದ ಯೂರೋವಿಷನ್‌ನಲ್ಲಿ, ಅಂದರೆ ಯುರೋಪಿನ ದೇಶಗಳ ವಾರ್ಷಿಕ ಹಾಡಿನ ಸ್ಪರ್ಧೆಯಲ್ಲಿ, ಇಟಲಿಯ ಮೋನೆಸ್ಕಿನ್ ಅನ್ನುವ ರಾಕ್ ತಂಡ ಗೆದ್ದಿತು ಅಂತ ಓದಿ ಆ ಹಾಡು ಹಾಕಿದೆ. ಒಂದು ಪದವೂ ಅರ್ಥವಾಗಲಿಲ್ಲ. ಆದರೂ ರಾತ್ರಿ ಊಟದ ಹೊತ್ತಿಗೆ ಆರನೇ ಸಲ ಕೇಳುತ್ತಿದ್ದೆ. ಆ ವರ್ಷ ಮೊದಲ ಮೂರು ಸ್ಥಾನಗಳಲ್ಲಿ ಇಂಗ್ಲಿಷ್ ಹಾಡೇ ಇರಲಿಲ್ಲ. ಇಟಲಿ ಇಟಾಲಿಯನ್‌ನಲ್ಲಿ, ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್ ಫ್ರೆಂಚ್‌ನಲ್ಲಿ ಹಾಡಿದ್ದವು. ಮರುದಿನವೇ ಚಂದಾ ಕಟ್ಟಿದೆ.

ಆ್ಯಪ್‌ನಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ದೇಶವಾರು ಟಾಪ್ 50 ಪಟ್ಟಿ. ಮುಖಪುಟ ತೋರಿಸಿದ್ದನ್ನೇ ಕೇಳುತ್ತಾ ಕೂತರೆ ಹೊಸದೇನೂ ಸಿಗುವುದಿಲ್ಲ. ಹುಡುಕುವ ಜಾಗಕ್ಕೆ ಹೋಗಿ ಫಿನ್‌ಲೆಂಡ್, ಪೋರ್ಚುಗಲ್, ಪೋಲೆಂಡ್ ಅಂತ ಒಂದೊಂದೇ ಹಾಕಿ ನೋಡಿ. ಅಲ್ಲಿನ ಜನ ಅಡುಗೆ ಮಾಡುತ್ತಾ, ಬಸ್ಸಿನಲ್ಲಿ ಹೋಗುತ್ತಾ ಏನು ಕೇಳುತ್ತಾರೋ ಅದೇ ನಿಮ್ಮ ಕಿವಿಗೂ ಬೀಳುತ್ತದೆ. ಫ್ರಾನ್ಸ್ ಪಟ್ಟಿಯಲ್ಲಿ ಫ್ರೆಂಚ್ ಹಾಡು ಜಾಸ್ತಿ ಇರುವುದು ಸುಮ್ನೆ ಅಲ್ಲ. ಅಲ್ಲಿನ ರೇಡಿಯೋದವರು 1996ರಿಂದ ಸುಮಾರು 40% ಫ್ರೆಂಚ್ ಹಾಡು ಹಾಕಲೇಬೇಕು ಅನ್ನುವ ಕಾನೂನಿತ್ತು. ನನ್ನನ್ನು ಕೇಳಿದರೆ ಒಳ್ಳೆಯ ಕಾನೂನು.

ಎರಡನೆಯದು, ಹಾಡಿನ ಜೊತೆ ಸಾಲುಸಾಲಾಗಿ ಮೂಡುವ ಸಾಹಿತ್ಯ. ಇದಕ್ಕೇ ಪೂರ್ತಿ ದುಡ್ಡು ಕೊಡಬಹುದು. 2023ರ ಯೂರೋವಿಷನ್‌ನಲ್ಲಿ ಫಿನ್‌ಲೆಂಡಿನ ಗಾಯಕ ಕ್ಯಾರಿಯಾ ಫಿನ್ನಿಷ್‌ನಲ್ಲಿ ಹಾಡಿ, ಜನರ ಓಟಿನಲ್ಲಿ ಮೊದಲನೆಯವನಾಗಿ, ತೀರ್ಪುಗಾರರ ಅಂಕ ಸೇರಿದ ಮೇಲೆ ಎರಡನೆಯವನಾದ. ಆ ಹಾಡನ್ನು ಕಲಿಯಲೇಬೇಕು ಅಂತ ಒಂದು ನೋಟ್‌ಬುಕ್ ತಂದು ಕನ್ನಡ ಅಕ್ಷರದಲ್ಲಿ ಬರೆಯತೊಡಗಿದೆ. ಎಷ್ಟು ಚೆನ್ನಾಗಿ ಕೂರುತ್ತದೆ ಗೊತ್ತಾ! ಫಿನ್ನಿಷ್‌ನಲ್ಲೂ ನಮ್ಮ ಹಾಗೆ ದೀರ್ಘ ಬೇರೆ, ಹ್ರಸ್ವ ಬೇರೆ. ‘ತುಲಿ’ ಅಂದರೆ ಬೆಂಕಿ, ‘ತೂಲಿ’ ಅಂದರೆ ಗಾಳಿ. ಒತ್ತಕ್ಷರವೂ ಹಾಗೇ. ‘ಕುಕ’ ಅಂದರೆ ಯಾರು, ‘ಕುಕ್ಕ’ ಅಂದರೆ ಹೂವು. ನಮ್ಮಲ್ಲಿ ಬಳಿ, ಬಳ್ಳಿ ಇಲ್ವಾ, ಹಾಗೆ. ಇಂಗ್ಲಿಷ್ ಅಕ್ಷರದಲ್ಲಿ ನೋಡಿದಾಗ ಉದ್ದುದ್ದ ಕಂಡ ಪದಗಳು ಕನ್ನಡದಲ್ಲಿ ಬರೆದ ಕೂಡಲೇ ನಾಲಿಗೆಗೆ ಸಲೀಸಾದವು. ಫ್ರೆಂಚ್ ಮಾತ್ರ ಹೀಗೆ ಒಗ್ಗಲಿಲ್ಲ. ಅದರ ಮೂಗಿನ ಸ್ವರಗಳಿಗೆ ಸೊನ್ನೆ ಹಾಕಿದರೂ ಸರಿಬರುವುದಿಲ್ಲ.

ಇನ್ನು ಕೊರತೆಗಳು. ಎರಡು ಫಿನ್ನಿಷ್ ಹಾಡು ಮುಗಿದ ತಕ್ಷಣ ಆ್ಯಪ್ ತಾನಾಗಿಯೇ ಇಂಗ್ಲಿಷ್ ಹಾಡಿಗೆ ಜಾರುತ್ತದೆ. ನಾಲ್ಕು ವರ್ಷವಾದರೂ ನನ್ನ ರುಚಿ ಅದಕ್ಕೆ ಗೊತ್ತಾಗಿಲ್ಲ, ಬೇಜಾರಾಗುತ್ತದೆ. ಆಟೋಪ್ಲೇ ಆಫ್ ಮಾಡಿಬಿಡಿ. ಗ್ರೀಕ್, ಸರ್ಬಿಯನ್, ಉಕ್ರೇನಿಯನ್ ಹಾಡುಗಳ ಹೆಸರು ಎಷ್ಟೋ ಸಲ ಅವರದೇ ಲಿಪಿಯಲ್ಲಿರುತ್ತದೆ, ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಸಿಗುವುದಿಲ್ಲ. ಹೆಸರನ್ನು ಬೇರೆ ಕಡೆಯಿಂದ ಕಾಪಿ ಮಾಡಿ ಹಾಕಬೇಕು. ಕೆಲವು ಹಾಡು ಒಂದು ದಿನ ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗಿ, ಒತ್ತಿದರೂ ಓಡುವುದಿಲ್ಲ. ನನ್ನ ಪಟ್ಟಿಯಲ್ಲಿ ಹೀಗೆ ಹನ್ನೊಂದು ಹೋಗಿವೆ. ಸಾಹಿತ್ಯದ ಅನುವಾದವೂ ಇಲ್ಲ, ಒಂದು ಸ್ಟಾರ್ ಕಳೆದಿದ್ದು ಅದಕ್ಕೇ.

ಆದರೂ ಅನುವಾದ ಇಲ್ಲದ್ದರಿಂದ ಒಂದು ಒಳ್ಳೆಯದೂ ಆಯಿತು. 2017ರ ಯೂರೋವಿಷನ್‌ನಲ್ಲಿ ಪೋರ್ಚುಗಲ್‌ನ ಗಾಯಕ ಸಾಲ್ವದೋರ್ ಸೊಬ್ರಾಲ್ ಗೆದ್ದ ಹಾಡನ್ನು ಒಂದು ಬೆಳಗ್ಗೆ ಹಾಕಿದ್ದೆ. ಬರೆದವರು ಅವನ ಅಕ್ಕ ಲೂಯಿಜಾ. 1964ರಿಂದ ಸ್ಪರ್ಧಿಸುತ್ತಿದ್ದ ಆ ದೇಶಕ್ಕೆ ಅದೇ ಮೊದಲ ಗೆಲುವು. ಅಮ್ಮ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದರು. ಚಾಕು ನಿಲ್ಲಿಸಿ ಕೇಳಿದರು.

“ಇದ್ಯಾವ ಭಾಷೆನೋ? ಪಾಪ, ಯಾರನ್ನೋ ಬೇಡ್ಕೊಳ್ತಾ ಇದಾನಲ್ವಾ?”

ಅರ್ಥ ಹುಡುಕಿ ಓದಿ ಹೇಳಿದೆ. ನಿನಗೆ ಪ್ರೀತಿಸಲಾಗದಿದ್ದರೆ ನಮ್ಮಿಬ್ಬರ ಪಾಲಿನದ್ದನ್ನೂ ನನ್ನ ಹೃದಯವೇ ಪ್ರೀತಿಸುತ್ತದೆ ಅನ್ನುವ ಹಾಡು ಅದು. ಅಮ್ಮ “ಹೇಳಿದ್ನಲ್ಲ” ಅಂದು ಮತ್ತೆ ಹೆಚ್ಚತೊಡಗಿದರು. ಈಗ “ಆ ಬೇಡ್ಕೊಳ್ಳೋ ಹುಡುಗನ ಹಾಡು ಹಾಕು” ಅಂತ ಅವರೇ ಕೇಳುತ್ತಾರೆ.

ಮುಂದಿನ ವರ್ಷದ ಚಂದಾ ಕಟ್ಟಿ ಆಯಿತು. ಮೊನ್ನೆಯಿಂದ ಎಸ್ಟೋನಿಯಾದ ಪಟ್ಟಿ ಹಿಡಿದಿದ್ದೇನೆ. ನೋಟ್‌ಬುಕ್‌ನಲ್ಲಿ ಹೊಸ ಪುಟ ತೆರೆದು ಬರೆದ ಮೊದಲ ಪದ ‘ತುಲಿ’. ಅಲ್ಲೂ ಅದು ಬೆಂಕಿಯೇ.