ಪಡಸಾಲೆಗೆ ಜೋಡಿ ಹಾಸು: ಕೆಳಗೆ ಸೆಣಬೋ, ತೆಂಗಿನ ನಾರೋ?

ದೊಡ್ಡದೊಂದು ಸಾದಾ ಹಾಸಿನ ಮೇಲೆ ಚಿತ್ತಾರವಿರುವ ಚಿಕ್ಕ ಹಾಸನ್ನು ಹಾಕಿ ಕೋಣೆಯನ್ನು ಸಜ್ಜುಗೊಳಿಸಲು ಹೊರಟವರು ಸಾಮಾನ್ಯವಾಗಿ ಮೇಲಿನ ಹಾಸಿನ ಬಣ್ಣವನ್ನೇ ಮೊದಲು ನೋಡುತ್ತಾರೆ. ಧಾರವಾಡದ ನಮ್ಮ ಮನೆಯಲ್ಲಿ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಬೇರೆ ಬೇರೆ ಜೋಡಿಗಳನ್ನು ಹಾಸಿ ಬಳಸಿದ ಮೇಲೆ, ಕೆಳಗಿನದನ್ನು ಮೊದಲು ಆರಿಸಿ ಅದಕ್ಕೆ ಒಪ್ಪುವಂತೆ ಮೇಲಿನದನ್ನು ತರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯವಾಗಿದೆ.

ಕೆಳಗಿನ ಹಾಸಿಗಾಗಿ ನಾನು ಹೋಲಿಸಿದ್ದು ಸೆಣಬಿನ ರಗ್ ಮತ್ತು ಕೇರಳದ ಆಲಪ್ಪುಳ ಕಡೆಯ ತೆಂಗಿನ ನಾರಿನ ಹಾಸು. ಎರಡೂ 9 ಅಡಿ ಉದ್ದ, 6 ಅಡಿ ಅಗಲದವು. ಮೇಲೆ 6 ಅಡಿಗೆ 4 ಅಡಿಯ ನವಲಗುಂದದ ಜಮಖಾನ ಹಾಕಿದರೆ ಸುತ್ತಲೂ ಒಂದು, ಒಂದೂವರೆ ಅಡಿಯಷ್ಟು ಅಂಚು ಉಳಿಯುತ್ತದೆ. ಇದಕ್ಕಿಂತ ಕಡಿಮೆ ಅಂಚು ಬಿಟ್ಟರೆ ಜೋಡಿಯ ಅಂದವೇ ಕಾಣುವುದಿಲ್ಲ.

ನೋಟಕ್ಕೆ ಸೆಣಬೇ ಮೇಲು. ಅದರ ತಿಳಿಹೊಂಬಣ್ಣದ ಮೇಲೆ ಜಮಖಾನದ ಕೆಂಪು, ನೀಲಿ, ಹಳದಿಗಳು ಎದ್ದು ಕಾಣುತ್ತವೆ, ಬರಿಗಾಲಿಗೆ ಮೃದುವಾಗಿರುತ್ತದೆ, ಹೆಣಿಗೆ ಸಮವಾಗಿರುವುದರಿಂದ ಮೇಲಿನ ಹಾಸು ಎಲ್ಲಿಯೂ ಉಬ್ಬದೆ ಕೂರುತ್ತದೆ. ಆದರೆ ಜೂನ್ ಬಂದು ಗಾಳಿಯಲ್ಲಿ ತೇವ ಹೆಚ್ಚಿದಾಗ, ವಿಟ್ರಿಫೈಡ್ ಟೈಲ್ಸ್‌ಗೆ ಒತ್ತಿಕೊಂಡಿರುವ ಅದರ ಅಡಿಭಾಗಕ್ಕೆ ಗಾಳಿಯಾಡುವುದಿಲ್ಲ, ಮೇಲೆ ಇನ್ನೊಂದು ಹಾಸು ಬೇರೆ ಮುಚ್ಚಿರುತ್ತದೆ, ಹೀಗಾಗಿ ಮೂಲೆ ಎತ್ತಿದೊಡನೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಚಹಾ ಚೆಲ್ಲಿದರೆ ಕಂದು ಕಲೆ ಉಳಿದುಬಿಡುತ್ತದೆ. ನೆನೆದ ಸೆಣಬಿನ ಎಳೆ ಬಲ ಕಳೆದುಕೊಳ್ಳುವುದರಿಂದ ನೀರು ಹಾಕಿ ತೊಳೆಯುವಂತೆಯೂ ಇಲ್ಲ.

ತೆಂಗಿನ ನಾರು ಒರಟು, ಅದರಲ್ಲಿ ಎರಡು ಮಾತಿಲ್ಲ. ನೆಲದ ಮೇಲೆ ಅಂಬೆಗಾಲಿಡುವ ಮಗುವಿರುವ ಮನೆಗೆ ಅದು ಬೇಡ. ಆದರೂ ಪಡಸಾಲೆಗೆ ನಾನು ಉಳಿಸಿಕೊಂಡದ್ದು ಅದನ್ನೇ. ತೇವವನ್ನು ಅದು ಸೆಣಬಿಗಿಂತ ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾರಿನ ಮೊನೆಗಳು ಹತ್ತಿಯ ಜಮಖಾನದ ಅಡಿಭಾಗವನ್ನು ಹಿಡಿದುಕೊಳ್ಳುವುದರಿಂದ ಮಕ್ಕಳು ಓಡಿ ಬಂದು ಕೂತರೂ ಅದು ಸರಿಯುವುದಿಲ್ಲ. ಸೆಣಬಿನ ಮೇಲೆ ದಿನವೂ ಎಳೆದು ನೇರ ಮಾಡಬೇಕಾಗುತ್ತಿತ್ತು. ನಾರಿನಿಂದ ಉದುರುವ ಕಂದು ಪುಡಿ ಕೆಳಗೆ ತೆಳ್ಳಗೆ ಹರಡಿಕೊಳ್ಳುತ್ತದೆ, ಆದ್ದರಿಂದ ವಾರಕ್ಕೊಮ್ಮೆಯಾದರೂ ಸುರುಳಿ ಸುತ್ತಿ ನೆಲ ಗುಡಿಸಬೇಕು. ಇವೆರಡಕ್ಕೂ ಬದಲಾಗಿ ಹುಲ್ಲಿನ ಚಾಪೆ ಹಾಕಿಯೂ ನೋಡಿದೆ. ಟೈಲ್ಸ್ ಮೇಲೆ ಜಾರುವುದರಿಂದ ವಯಸ್ಸಾದವರಿರುವ ಮನೆಯಲ್ಲಿ ಅದು ಅಪಾಯಕಾರಿ.

ಮೇಲಿನ ಹಾಸಿಗಾಗಿ ಜಮಖಾನದ ಎದುರಾಳಿಯಾಗಿ ನಿಂತದ್ದು ಟಫ್ಟೆಡ್, ಅಂದರೆ ನೇಯದೆ ಬಟ್ಟೆಗೆ ಎಳೆ ಚುಚ್ಚಿ ಮಾಡಿದ, ಉಣ್ಣೆಯ ಕಾರ್ಪೆಟ್. ಅದರ ಮೆತ್ತನೆಯ ಸುಖವನ್ನು ಅಲ್ಲಗಳೆಯಲಾರೆ. ಆದರೆ ಅದರ ಎಳೆಗಳನ್ನು ಹಿಂಬದಿಯಲ್ಲಿ ಲೇಟೆಕ್ಸ್ ಅಂಟಿನಿಂದ ಹಿಡಿಸಿ ಬಟ್ಟೆ ಮೆತ್ತಿರುತ್ತಾರೆ; ವರ್ಷಗಳು ಕಳೆದಂತೆ ಆ ಅಂಟು ಒಣಗಿ ಪುಡಿಯಾಗುತ್ತದೆ. ದಪ್ಪದ ಮೇಲೆ ದಪ್ಪ ಸೇರಿ ಅಂಚು ಕಾಲಿಗೆ ಎಡವುತ್ತದೆ, ಪಕ್ಕದ ಬಾಗಿಲೂ ತಗಲುತ್ತದೆ. ಜಮಖಾನ ತೆಳುವಾದ ನೇಯ್ಗೆಯದು, ಎರಡೂ ಬದಿಯನ್ನು ಬಳಸಬಹುದು, ಒಬ್ಬರೇ ಎತ್ತಿ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಬಹುದು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ನಿಲುವಿನ ಮಗ್ಗದಲ್ಲಿ ನೇಯುವ ಈ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ದೊರೆತಿದೆ. ನಮ್ಮಲ್ಲಿರುವುದರ ನಡುವೆ ಪಗಡೆಯ ಹಾಸಿನ ಚಿತ್ತಾರವಿದೆ, ಅಂಚಿನಲ್ಲಿ ನವಿಲುಗಳಿವೆ. ಹತ್ತಿರದಿಂದ ನೋಡಿದರೆ ನವಿಲಿನ ಕತ್ತು ಬಳುಕಿಲ್ಲದೆ ಮೆಟ್ಟಿಲು ಮೆಟ್ಟಿಲಾಗಿ ಏರಿರುವುದು ಕಾಣುತ್ತದೆ. ಇಂಥ ಕೆಲಸವನ್ನು ಸೋಫಾದ ಕಾಲಡಿ ಸಿಕ್ಕಿಸಬಾರದು, ಪೂರ್ತಿ ಕಾಣುವಂತೆ ಹಾಸಬೇಕು.

ಮಲಗುವ ಕೋಣೆಯ ಲೆಕ್ಕ ಬೇರೆ. ಅಲ್ಲಿ ನೀರು, ಚಹಾ ಚೆಲ್ಲುವ ಪ್ರಸಂಗ ಕಡಿಮೆ, ನೆಲವೂ ಹಳೆಯ ರೆಡ್ ಆಕ್ಸೈಡ್‌ನದು. ಆದ್ದರಿಂದ ಸೆಣಬಿನ ರಗ್ಗನ್ನು ಅಲ್ಲಿಗೆ ಸಾಗಿಸಿ, ಮಂಚದ ಪಕ್ಕಕ್ಕೆ ಬರುವಂತೆ ಅದರ ಮೇಲೆ ಕರಿ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಕಿದ್ದೇವೆ. ಹುಣಸೆ ಬೀಜದ ಗಂಜಿ ಹಚ್ಚಿದ ಕಂಬಳಿಗೆ ತಕ್ಕಮಟ್ಟಿನ ಬಿಗುವಿರುವುದರಿಂದ ಅದು ಮುದುಡುವುದಿಲ್ಲ. ಉಣ್ಣೆಗೆ ಹುಳು ಹಿಡಿಯದಂತೆ ಆಗಾಗ ಕೊಡವಿ ಬಿಸಿಲಿಗೆ ಹಾಕುತ್ತೇವೆ. ಮಳೆ ಹಿಡಿಯುವ ಮೊದಲು ಸೆಣಬನ್ನು ಚೆನ್ನಾಗಿ ಒಣಗಿಸಿ, ಸುತ್ತಿ, ಅಟ್ಟಕ್ಕೇರಿಸುತ್ತೇವೆ. ಆ ನಾಲ್ಕು ತಿಂಗಳು ನೆಲದ ಮೇಲೆ ಕಂಬಳಿಯೊಂದೇ ಇರುತ್ತದೆ.