ಎಐ ಕ್ಲೈಂಟ್ ಜತೆ 14 ತಿಂಗಳು: ‘ಹೂಂ ಮೇಡಂ’ ಅನ್ನಲು ಬರದವನು

ಹೊಸ ಕೌನ್ಸೆಲರ್‌ಗಳ ಅಭ್ಯಾಸಕ್ಕೆಂದು ಕುಡಿತದ ಕ್ಲೈಂಟ್‌ನ, ಅಂದರೆ ಸಹಾಯಕ್ಕೆ ಬಂದವನ, ವೇಷ ಹಾಕುವ ಎಐ ಸೇವೆಗೆ ಐದಕ್ಕೆ ಮೂರೂವರೆ ಸ್ಟಾರ್. ಮೂರನೇ ತಿಂಗಳಲ್ಲಿ ಕೇಳಿದ್ದರೆ ಐದೂ ಕೊಡುತ್ತಿದ್ದೆ. ಆರನೇ ತಿಂಗಳಲ್ಲಿ ಕೇಳಿದ್ದರೆ ಒಂದು. ಈಗ ಸಿಟ್ಟು ಇಳಿದಿದೆ, ಬರೆಯಬಹುದು.

ನಾನು ಪೀಣ್ಯ ಕಡೆಯ ಒಂದು ಸಣ್ಣ ವ್ಯಸನಮುಕ್ತಿ ಕೇಂದ್ರದಲ್ಲಿ ಕೌನ್ಸೆಲರ್. ಹೊಸದಾಗಿ ಸೇರುವವರಿಗೆ ತರಬೇತಿ ಕೊಡುವ ಕೆಲಸವೂ ನನ್ನ ತಲೆಗೇ ಬಂದಿದೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ ಮಕ್ಕಳು ಬರುತ್ತಾರೆ. ಪುಸ್ತಕ ಚೆನ್ನಾಗಿ ಓದಿರುತ್ತಾರೆ. ಆದರೆ ಕೈ ನಡುಗುವ ಮನುಷ್ಯ ಎದುರಿಗೆ ಕೂತ ತಕ್ಷಣ ಓದಿದ್ದೆಲ್ಲ ಮರೆತು ಬುದ್ಧಿ ಹೇಳಲು ಶುರು ಮಾಡುತ್ತಾರೆ. ‘ಮಕ್ಕಳ ಮುಖ ನೋಡಬಾರದಾ? ಲಿವರ್ ಹಾಳಾಗುತ್ತೆ ಅಂತ ಗೊತ್ತಿಲ್ವಾ?’ ಗೊತ್ತಿಲ್ಲದೆ ಏನು! ಊರೆಲ್ಲ ಅವನಿಗೆ ಅದನ್ನೇ ಹೇಳಿರುತ್ತದೆ. ಬುದ್ಧಿ ಹೇಳುವುದು ನಮ್ಮ ಕಡೆಯವರ ಚಟ. ಅದನ್ನು ಬಿಡಿಸುವುದೂ ಸುಲಭ ಅಲ್ಲ.

ನಾವು ಕಲಿಸುವುದು ಮೋಟಿವೇಷನಲ್ ಇಂಟರ್‌ವ್ಯೂಯಿಂಗ್. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಇದರ ಬಗ್ಗೆ ಮೊದಲು ಬರೆದರು, ಆಮೇಲೆ ಸ್ಟೀಫನ್ ರಾಲ್ನಿಕ್ ಜತೆ ಸೇರಿ ಬೆಳೆಸಿದರು. ‘ಬಿಡು ಬಿಡು’ ಅಂದಷ್ಟೂ ಎದುರಿನವನು ಬಿಡದಿರಲು ಕಾರಣ ಹುಡುಕುತ್ತಾನೆ. ಬಿಡುವ ಮಾತು ಅವನ ಬಾಯಿಂದಲೇ ಬರಬೇಕು. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು.

ಈ ಅಭ್ಯಾಸಕ್ಕೆ ಮೊದಲು ನಮ್ಮಲ್ಲೇ ಒಬ್ಬರು ಕ್ಲೈಂಟ್ ಆಗಿ ನಟಿಸುತ್ತಿದ್ದೆವು. ಎಲ್ಲರೂ ಸಿನಿಮಾದಲ್ಲಿ ಕುಡಿದವರ ಥರ ತೂರಾಡಿ, ತೊದಲಿ, ಕೋಣೆ ತುಂಬ ನಗು. ಕಲಿತದ್ದು ಕಮ್ಮಿ. ಹಾಗಾಗಿ ಈ ಎಐ ಸೇವೆಗೆ ಹತ್ತು ಲಾಗಿನ್ ತೆಗೆದುಕೊಂಡೆವು. (ಹೆಸರು ಬೇಡ. ಕೆಳಗೆ ಬೈದಿದ್ದೇನೆ.) ಮೊಬೈಲ್‌ನಲ್ಲಿ ಒಂದು ಪಾತ್ರ ಆರಿಸಿಕೊಳ್ಳಬೇಕು. ಟೈಪ್ ಮಾಡಬಹುದು, ಮಾತನಾಡಲೂಬಹುದು. ಮುಗಿದ ಮೇಲೆ ಇಡೀ ಮಾತುಕತೆ ಬರಹದಲ್ಲಿ ಬರುತ್ತದೆ, ಜತೆಗೆ ಅಂಕ.

ಯಂತ್ರ ರೋಗಿಯ ವೇಷ ಹಾಕುವುದು ತೀರಾ ಹೊಸದೂ ಅಲ್ಲ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಂ ಬರೆದರು. ಅದು ಥೆರಪಿಸ್ಟ್ ಥರ ಮಾತನಾಡುತ್ತಿತ್ತು. 1972ರಲ್ಲಿ ಕೆನೆತ್ ಕೋಲ್ಬಿ ಅವರ ‘ಪ್ಯಾರಿ’ ಬಂತು. ಅದು ಎಲ್ಲರ ಮೇಲೂ ಸಂಶಯ ಪಡುವ ರೋಗಿ. ಅದೇ ವರ್ಷ ಎರಡನ್ನೂ ಪರಸ್ಪರ ಮಾತಿಗೆ ಬಿಟ್ಟಿದ್ದರಂತೆ. ನಮ್ಮ ಟ್ರೈನಿಗಳಿಗೆ ಇದನ್ನು ಹೇಳಿದರೆ ಬಹಳ ಖುಷಿ.

ಶುರುವಿನಲ್ಲಿ ನಿಜಕ್ಕೂ ಚೆನ್ನಾಗಿತ್ತು. ತುಮಕೂರಿನಿಂದ ಬಂದ ಒಬ್ಬ ಹುಡುಗಿ ತುಂಬಾ ಅಳುಕಿನವಳು. ನನ್ನೆದುರು ಅಭ್ಯಾಸ ಮಾಡು ಅಂದರೆ ಬೆವರುತ್ತಿದ್ದಳು. ರಾತ್ರಿ ಪಿಜಿಯಲ್ಲಿ ಕೂತು ಆ ಯಂತ್ರದ ಜತೆ ನಲವತ್ತು ಸಲ ಮಾತನಾಡಿದಳು. ತಪ್ಪಾದರೆ ಅಳಿಸಿ ಮತ್ತೆ ಶುರು. ನಿಜವಾದ ಮನುಷ್ಯನ ಮೇಲೆ ನಲವತ್ತು ಸಲ ಎಡವಲು ಆಗುತ್ತಾ? ಇನ್ನೊಬ್ಬ ಹುಡುಗ ಹಸಿರು ಮಾರ್ಗದ ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿಕೊಂಡು, ‘ಬೆಳಗ್ಗೆ ಎದ್ದ ತಕ್ಷಣ ಕುಡೀಬೇಕು ಅನ್ಸುತ್ತಾ ಅಣ್ಣಾ?’ ಅಂತ ಕೇಳುತ್ತಾ ಬಂದಿದ್ದಾನೆ. ಪಕ್ಕದ ಆಂಟಿ ಕನಿಕರದಿಂದ, ‘ಯಾರಪ್ಪಾ, ನಿಮ್ಮ ಮನೆಯವರಾ?’ ಅಂದರಂತೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಾತುಕತೆಯ ಆ ಬರಹ. ನಾವೇ ಆಡಿದ ಮಾತನ್ನು ನಾವೇ ಓದಬೇಕು. ನಾನೂ ಒಂದು ದಿನ ಮಾಡಿ ನೋಡಿದೆ. ಇಷ್ಟು ವರ್ಷದ ಅನುಭವ ಅಂತ ಜಂಬ ಇತ್ತಲ್ಲ, ಹತ್ತು ನಿಮಿಷದಲ್ಲಿ ನಾಲ್ಕು ಸಲ ಬುದ್ಧಿ ಹೇಳಿದ್ದೆ. ಪ್ರಿಂಟ್ ತೆಗೆದು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.

ಈಗ ಬೈಗುಳ.

ಮೊದಲನೆಯದು ಭಾಷೆ. ‘ನಾನು ಪ್ರತಿದಿನ ಮದ್ಯಪಾನವನ್ನು ಮಾಡುತ್ತೇನೆ’ ಅನ್ನುತ್ತಿದ್ದ ನಮ್ಮ ಆಟೋ ಡ್ರೈವರ್ ಪಾತ್ರ. ಯಾವ ಆಟೋ ಸ್ಟ್ಯಾಂಡ್‌ನಲ್ಲಿ ಕೇಳಿದ್ದೀರಿ ಇದನ್ನ? ಟ್ರೈನಿ ‘ದಿನಾ ಒಂದ್ ಕ್ವಾರ್ಟರಾ?’ ಅಂತ ಕೇಳಿದರೆ ‘ಹೌದು, ಕಾಲು ಭಾಗ’ ಅಂದ. ಇದು ನಗುವ ವಿಷಯ ಮಾತ್ರ ಅಲ್ಲ. ನಮ್ಮಲ್ಲಿ 30 ಎಂಎಲ್ ವಿಸ್ಕಿಯನ್ನು ಒಂದು ಡ್ರಿಂಕ್ ಅಂತ ಲೆಕ್ಕ ಹಿಡಿಯುತ್ತೇವೆ. ನೈಂಟಿ ಅಂದರೆ ಮೂರು, ಕ್ವಾರ್ಟರ್ ಅಂದರೆ 180 ಎಂಎಲ್, ಆರು. ಬರುವವರು ‘ಒಂದೇ ಮೇಡಂ’ ಅನ್ನುತ್ತಾರೆ. ಒಂದು ಅಂದರೆ ಒಂದು ಬಾಟಲಿಯೋ ಒಂದು ಪೆಗ್ಗೋ ಕೆದಕಬೇಕು. ಕುಡಿತ ಎಷ್ಟು ಅಪಾಯಕ್ಕೆ ಹೋಗಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆ, ಒಟ್ಟು 40 ಅಂಕ. ಎಂಟು ಮುಟ್ಟಿದರೆ ಎಚ್ಚರ. ಈ ‘ಒಂದೇ’ ಅನ್ನುವುದನ್ನು ಹಾಗೇ ಬರೆದುಕೊಂಡರೆ ಆ ಲೆಕ್ಕವೆಲ್ಲ ತಲೆಕೆಳಗು. ಆದರೆ ಯಂತ್ರದ ಕ್ಲೈಂಟ್ ಎಲ್ಲವನ್ನೂ ಎಂಎಲ್‌ನಲ್ಲಿ ಸರಿಯಾಗಿ ಒಪ್ಪಿಸುತ್ತಿದ್ದ. ಕೆದಕುವ ಕೆಲಸವೇ ಇಲ್ಲ.

ಎರಡನೆಯದಕ್ಕೇ ನಾನು ಒಂದು ಸ್ಟಾರ್‌ಗೆ ಇಳಿದಿದ್ದು. ಒಬ್ಬ ಟ್ರೈನಿ ಆಟೋ ಅಣ್ಣನಿಗೆ ‘ನಾಳೆಯಿಂದಲೇ ಪೂರ್ತಿ ನಿಲ್ಲಿಸಿಬಿಡಿ’ ಅಂದಿದ್ದ. ಅಣ್ಣ ಅದಕ್ಕೂ ಮುಂಚೆ ‘ಬೆಳಗ್ಗೆ ಕೈ ನಡುಗುತ್ತೆ, ಒಂದು ಗುಟುಕು ಹಾಕಿದ ಮೇಲೆ ಸರಿಯಾಗುತ್ತೆ’ ಅಂತ ಹೇಳಿಯಾಗಿತ್ತು. ಯಂತ್ರ ಆ ಸೆಷನ್‌ಗೆ ಒಳ್ಳೆ ಅಂಕ ಕೊಟ್ಟಿತು, ‘ಪ್ರೋತ್ಸಾಹದಾಯಕ’ ಅಂತ ಷರಾ ಬೇರೆ. ಮೈ ಉರಿದುಹೋಯಿತು. ದೇಹ ಕುಡಿತಕ್ಕೆ ಅಂಟಿಕೊಂಡವರು ಡಾಕ್ಟರ್ ಇಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತೆ ಮಾತನಾಡುವುದು ಶುರುವಾಗಬಹುದು. ಜೀವವೂ ಹೋಗಬಹುದು. ಕೈ ನಡುಕ ಅಂತ ಕಿವಿಗೆ ಬಿದ್ದ ಕೂಡಲೇ ಕೌನ್ಸೆಲಿಂಗ್ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಕಳಿಸಬೇಕು. ನಮ್ಮಲ್ಲಾದರೆ ನಿಮ್ಹಾನ್ಸ್‌ಗೋ ಹತ್ತಿರದ ಆಸ್ಪತ್ರೆಗೋ. ಕಂಪನಿಗೆ ಮೇಲ್ ಹಾಕಿದೆ. ಸರಿಪಡಿಸಲು ಏಳು ವಾರ ತೆಗೆದುಕೊಂಡರು. ಅಲ್ಲಿಯವರೆಗೆ ಆ ಪಾತ್ರವನ್ನು ಯಾರೂ ತೆರೆಯಬಾರದು ಅಂತ ಬೋರ್ಡ್ ಮೇಲೆ ಬರೆದಿಟ್ಟಿದ್ದೆ.

ಅಂಕದ ಕಥೆಯೂ ಹೇಳಿಬಿಡುತ್ತೇನೆ. ಒಂದು ಪ್ರಶ್ನೆಗೆ ಎರಡು ಪ್ರತಿಫಲನ, ಅಂದರೆ ಅವರು ಹೇಳಿದ್ದನ್ನು ನಾವು ತಿರುಗಿ ಹೇಳುವುದು, ಇದ್ದರೆ ಒಳ್ಳೆಯದು ಅಂತ ಈ ವಿದ್ಯೆಯಲ್ಲಿ ಒಂದು ಅಳತೆ ಇದೆ. ಯಂತ್ರ ಅದನ್ನು ಎಣಿಸುತ್ತದೆ. ಗಿಳಿಪಾಠವನ್ನೂ ಎಣಿಸುತ್ತದೆ. ಮಕ್ಕಳು ಜಾಣರು. ಪ್ರತಿ ಮಾತಿಗೂ ‘ಅಂದ್ರೆ ನಿಮಗೆ ಬೇಜಾರಾಗಿದೆ’ ಅನ್ನುವುದನ್ನು ಕಲಿತುಬಿಟ್ಟರು. ಅಂಕ ತೊಂಬತ್ತು. ಈಗ ಅಂಕವನ್ನು ಯಾರೂ ನೋಡಬಾರದು ಅಂತ ಹೇಳಿದ್ದೇನೆ.

ಮೂರನೆಯದು ಇವೆಲ್ಲಕ್ಕಿಂತ ಆಳದ್ದು. ಅರ್ಥವಾಗಲು ನನಗೇ ಎಂಟು ತಿಂಗಳು ಬೇಕಾಯಿತು.

ಈ ಯಂತ್ರಕ್ಕೆ ಎರಡೇ ಥರ ಗೊತ್ತಿತ್ತು. ಒಂದೋ ಜಗಳ: ‘ನನಗೇನೂ ಸಮಸ್ಯೆ ಇಲ್ಲ, ನೀವ್ಯಾರು ಕೇಳೋಕೆ?’ ಇಲ್ಲಾ ಪೂರ್ತಿ ಶರಣಾಗತಿ: ‘ನೀವು ನನ್ನ ಕಣ್ಣು ತೆರೆಸಿದಿರಿ, ಧನ್ಯವಾದಗಳು.’ ನಮ್ಮ ಕೇಂದ್ರಕ್ಕೆ ಬರುವವರು ಇವೆರಡೂ ಮಾಡುವುದಿಲ್ಲ. ಅವರು ‘ಹೂಂ ಮೇಡಂ’ ಅನ್ನುತ್ತಾರೆ. ‘ಆಯ್ತು ಮೇಡಂ, ನೀವ್ ಹೇಳ್ದಂಗೆ.’ ಜಾಸ್ತಿ ಒತ್ತಿದರೆ ಮಂಜುನಾಥಸ್ವಾಮಿ ಮೇಲೆ ಆಣೆ. ಎದ್ದು ನಮಸ್ಕಾರ ಮಾಡಿ ಹೋಗುತ್ತಾರೆ. ನೇರ ಬಾರ್‌ಗೆ. ಮರ್ಯಾದೆ ಕೊಟ್ಟು ಬಾಗಿಲು ಹಾಕುವುದು ಅದು. ತುಮಕೂರಿನ ಹುಡುಗಿ ತನ್ನ ಮೊದಲ ನಿಜವಾದ ಕ್ಲೈಂಟ್‌ನ ಫೈಲಿನಲ್ಲಿ ‘ಬಿಡಲು ಸಿದ್ಧರಿದ್ದಾರೆ’ ಅಂತ ಬರೆದಳು. ಅವರು ಮತ್ತೆ ಬರಲೇ ಇಲ್ಲ. ‘ಎಲ್ಲದಕ್ಕೂ ಒಪ್ಪಿಕೊಂಡಿದ್ದರಲ್ಲ ಮೇಡಂ’ ಅಂತ ಅತ್ತಳು. ಅವಳದ್ದೇನು ತಪ್ಪು? ನಲವತ್ತು ಸಲ ಅಭ್ಯಾಸ ಮಾಡಿದ್ದ ಯಂತ್ರಕ್ಕೆ ಒಪ್ಪಿಗೆ ಅಂದರೆ ಒಪ್ಪಿಗೆಯೇ.

ಆಮೇಲೆ ನಾವೇ ಕೂತು ಪಾತ್ರ ಬರೆದೆವು. ಹೊಸ ಆವೃತ್ತಿಯಲ್ಲಿ ಅದಕ್ಕೆ ಅವಕಾಶ ಇದೆ. ಎಲ್ಲದಕ್ಕೂ ಹೂಂ ಅನ್ನುವವನು, ತಾನಾಗಿ ಏನೂ ಹೇಳದವನು. ಇನ್ನೊಬ್ಬ, ಅಯ್ಯಪ್ಪ ಮಾಲೆ ಹಾಕಿ 41 ದಿನ ಒಂದು ಹನಿ ಮುಟ್ಟದೆ, ಶಬರಿಮಲೆಯಿಂದ ಇಳಿದ ಮೇಲೆ ಮತ್ತೆ ಶುರು ಮಾಡುವವನು. ಇಲ್ಲಿ ಟ್ರೈನಿ ಬುದ್ಧಿ ಹೇಳಿದರೆ ಪಾತ್ರ ಮುಚ್ಚಿಕೊಳ್ಳುತ್ತದೆ. ‘ಆ 41 ದಿನ ಸಾಯಂಕಾಲ ಹೇಗೆ ಕಳೆದ್ರಿ ಅಣ್ಣಾ?’ ಅಂತ ಕೇಳಿದರೆ ಬಾಯಿ ಬಿಡುತ್ತದೆ. ಈ ಎರಡು ಪಾತ್ರ ಈಗ ಎಲ್ಲಕ್ಕಿಂತ ಜಾಸ್ತಿ ಬಳಕೆಯಲ್ಲಿವೆ.

ಪಾತ್ರ ಬರೆಯುವಾಗ ಒಂದು ಎಚ್ಚರ. ಒಬ್ಬ ನಿಜವಾದ ಫೈಲನ್ನೇ ಕಾಪಿ ಮಾಡಿ ಹಾಕಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆ ಅನ್ನುವುದು ಅವರ ಹಕ್ಕು.

ಇನ್ನೂ ಸರಿಹೋಗದ್ದು ಒಂದಿದೆ. ಯಂತ್ರದ ಕ್ಲೈಂಟ್ ಯಾವಾಗಲೂ ಒಬ್ಬನೇ ಬರುತ್ತಾನೆ. ನಮ್ಮಲ್ಲಿ ಹೆಂಡತಿ ಅಥವಾ ಅಮ್ಮ ಕರೆದುಕೊಂಡು ಬರುತ್ತಾರೆ, ಮೊದಲ ಇಪ್ಪತ್ತು ನಿಮಿಷ ಅವರದ್ದೇ ಮಾತು. ಅವನು ಕಿಟಕಿ ನೋಡುತ್ತಾ ಕೂತಿರುತ್ತಾನೆ. ಆಕೆಯ ಸಂಕಟಕ್ಕೆ ಕಿವಿ ಕೊಡಬೇಕು, ಅವನನ್ನೂ ಕಳೆದುಕೊಳ್ಳಬಾರದು. ಮೂವರ ಆ ಕೋಣೆ ಮೊಬೈಲ್‌ನಲ್ಲಿ ಇಲ್ಲ.

ನಮ್ಮ ವಾರ್ಡ್ ನೋಡಿಕೊಳ್ಳುವ ಅಣ್ಣ ಕುಡಿತ ಬಿಟ್ಟು ಹನ್ನೊಂದು ವರ್ಷ ಆಯಿತು. ಅವರಿಗೂ ಒಮ್ಮೆ ಫೋನ್ ಕೊಟ್ಟೆ. ಐದು ನಿಮಿಷ ಕೇಳಿ ವಾಪಸ್ ಕೊಟ್ಟರು. ‘ಮಾತು ಜಾಸ್ತಿ ಮೇಡಂ ಇವನದು. ನಾನು ಇಲ್ಲಿ ಬಂದಾಗ ಮೂರು ದಿನ ಫ್ಯಾನ್ ನೋಡ್ತಾ ಮಲಗಿದ್ದೆ.’

ಈ ತಿಂಗಳು ನವೀಕರಣ. ಹತ್ತು ಲಾಗಿನ್ ಬದಲು ಆರು ಸಾಕು ಅಂದಿದ್ದೇನೆ, ಮೊದಲ ಎರಡು ತಿಂಗಳ ಟ್ರೈನಿಗಳಿಗೆ ಮಾತ್ರ. ಶುಕ್ರವಾರ ಮಧ್ಯಾಹ್ನ ಎಲ್ಲರ ಫೋನೂ ಒಳಗೆ. ಅವತ್ತು ವಾರ್ಡ್ ಅಣ್ಣ ಕ್ಲೈಂಟ್ ಆಗಿ ಕೂರುತ್ತಾರೆ, ಅಡುಗೆ ಮನೆಯ ಅಕ್ಕ ಅವರ ಹೆಂಡತಿಯಾಗಿ. ಕಳೆದ ವಾರ ಆಕೆ ಎಷ್ಟು ಬೈದರು ಅಂದರೆ, ತುಮಕೂರಿನ ಹುಡುಗಿ ಇಪ್ಪತ್ತು ನಿಮಿಷ ಸುಮ್ನೆ ಕೇಳಿಸಿಕೊಂಡಳು. ಒಂದು ಮಾತೂ ಬುದ್ಧಿ ಹೇಳಲಿಲ್ಲ.